ಏಳನೇ ಸಾಲಿನ ನಾಲ್ಕನೆಯದು

ಸೆಕ್ಯುರಿಟಿ ಕಂಪನಿ ನಡೆಸುವುದು ಅಂದರೆ ಗೇಟು ಕಾಯುವುದು ಅಂತ ಯಾರಾದರೂ ಅಂದುಕೊಂಡಿದ್ದರೆ ಅವರನ್ನು ಒಂದು ವಾರ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಗೇಟು ಕಾಯುವುದಕ್ಕೆ ಇಪ್ಪತ್ತೇಳು ಜನ ಇದ್ದಾರೆ. ನಾನು ಕಾಯುವುದು ಕಾಗದ. ಲೈಸೆನ್ಸ್ ನವೀಕರಿಸಬೇಕಾದರೆ ವಿಮೆಯ ಪಾಲಿಸಿ ಬೇಕು. ವಿಮೆಯವರು ಪಾಲಿಸಿ ಕೊಡಬೇಕಾದರೆ ಒಬ್ಬೊಬ್ಬ ಗಾರ್ಡಿನದೂ ಪೊಲೀಸರ ಪತ್ರ, ತರಬೇತಿಯ ಪತ್ರ, ಬೆಂಕಿ ಆರಿಸಲು ಬರುತ್ತದೆ ಎನ್ನುವ ಪತ್ರ, ಇಷ್ಟು ಸಾಲದೆಂದು ಈ ವರ್ಷದಿಂದ ಕಣ್ಣಿನ ಪತ್ರ. ಎಲ್ಲೋ ಯಾವನೋ ಕಣ್ಣು ಮಂಜಾದ ಗಾರ್ಡು ಕಳ್ಳರ ಲಾರಿಗೆ ಸೆಲ್ಯೂಟ್ ಹೊಡೆದು ಗೇಟು ತೆಗೆದನಂತೆ. ಆ ಪುಣ್ಯಾತ್ಮನ ಘನಕಾರ್ಯಕ್ಕೆ ಈಗ ನಾವೆಲ್ಲ ಅನುಭವಿಸಬೇಕು.

ನಮ್ಮ ಲೈಸೆನ್ಸ್ ಆ ಶುಕ್ರವಾರ ಸಂಜೆ ಐದಕ್ಕೆ ಮುಗಿಯುವುದಿತ್ತು. ನಮ್ಮ ಕೈಯಲ್ಲಿರುವುದು ಒಂದೇ ದೊಡ್ಡ ಕೆಲಸ: ಒಂದು ಆಸ್ಪತ್ರೆಯ ಮೂರು ಗೇಟು, ಔಷಧಿಯ ಉಗ್ರಾಣ, ಹೆರಿಗೆ ವಾರ್ಡಿನ ಬಾಗಿಲು. ಆಸ್ಪತ್ರೆಯ ಆಡಳಿತದವರು ಬಹಳ ಮರ್ಯಾದೆಯಿಂದ ಒಂದು ಪತ್ರ ಕಳಿಸಿದ್ದರು. ಶುಕ್ರವಾರ ಐದು ಗಂಟೆಯೊಳಗೆ ಹೊಸ ಲೈಸೆನ್ಸಿನ ಪ್ರತಿ ತಲುಪದಿದ್ದರೆ ಶನಿವಾರ ಬೆಳಗಿನ ಪಾಳಿಗೆ ಬೇರೆ ಕಂಪನಿಯವರು ಬಂದು ನಿಲ್ಲುತ್ತಾರೆ, ದಯವಿಟ್ಟು ಸಹಕರಿಸಿ ಅಂತ. ಇಪ್ಪತ್ತೇಳು ಜನ ಮನೆಗೆ ಹೋಗುವುದಕ್ಕೆ ನಾವು ಸಹಕರಿಸಬೇಕಂತೆ.

ಕಾಗದದ ಪ್ರಕಾರ ಕಂಪನಿಯ ಮಾಲೀಕಳು ನಾನು. ಆದರೆ ಕಂಪನಿ ಅಂದರೆ ಅಪ್ಪ. ಪೊಲೀಸ್ ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು, ಮನೆಯಲ್ಲಿ ಕೂತರೆ ತುಕ್ಕು ಹಿಡಿಯುತ್ತೇನೆ ಎಂದು ಇದನ್ನು ಶುರುಮಾಡಿದರು. ಲೈಸೆನ್ಸಿನಲ್ಲಿ 'ತರಬೇತಿ ಅಧಿಕಾರಿ' ಎಂಬ ಜಾಗದಲ್ಲಿ ಅವರ ಹೆಸರಿದೆ. ಅಂಥ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಲೈಸೆನ್ಸೇ ಇಲ್ಲ. ಗಾರ್ಡುಗಳಿಗೆ ಅವರು ಮೇಷ್ಟ್ರು. ಮೇಷ್ಟ್ರು ನಿಲ್ಲಿ ಅಂದರೆ ನಿಲ್ಲುತ್ತಾರೆ, ಕೂರಿ ಅಂದರೆ ಕೂರುತ್ತಾರೆ. ಸಂಬಳ ಕೊಡುವವಳು ನಾನು, ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಕಣ್ಣಿನ ಪರೀಕ್ಷೆಯ ವಿಷಯದಲ್ಲಿ ವಿಮೆಯವರ ಬುದ್ಧಿವಂತಿಕೆಗೆ ಕೈ ಮುಗಿಯಬೇಕು. ಗೋಡೆಗೆ ಹಾಕುವ ಪಟವನ್ನು ಹದಿನಾರು ದಿನ ಮೊದಲೇ ಅಂಚೆಯಲ್ಲಿ ಕಳಿಸಿಬಿಟ್ಟರು. ಅದನ್ನು ಬೆಳಕಿರುವ ಗೋಡೆಗೆ ತೂಗುಹಾಕಿ, ಆರು ಮೀಟರ್ ದೂರದಲ್ಲಿ ನೆಲಕ್ಕೆ ಗೆರೆ ಎಳೆದು, ಎರಡರ ಫೋಟೋ ಕಳಿಸಿದರೆ ಮಾತ್ರ ಪರೀಕ್ಷೆಯ ದಿನ ಗೊತ್ತುಮಾಡುತ್ತಾರಂತೆ. ಪ್ರಶ್ನೆಪತ್ರಿಕೆಯನ್ನು ಗೋಡೆಗೆ ನೇತುಹಾಕಿ ಎರಡು ವಾರ ಬಿಟ್ಟು ಪರೀಕ್ಷೆ ಮಾಡುವುದು ಅವರಿಗೆ ತಪ್ಪು ಅನ್ನಿಸಲಿಲ್ಲ. ಪಟದಲ್ಲಿ ಅಕ್ಷರ ಗಿಕ್ಷರ ಏನೂ ಇಲ್ಲ. ಮೂರು ಕಾಲಿನ ಒಂದೇ ಗುರುತು, ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತ ಹೋಗುತ್ತದೆ. ಅದರ ಕಾಲು ಒಂದು ಕಡೆ ಮೇಲಕ್ಕಿರುತ್ತದೆ, ಒಂದು ಕಡೆ ಕೆಳಕ್ಕೆ, ಒಂದು ಕಡೆ ಎಡಕ್ಕೆ, ಒಂದು ಕಡೆ ಬಲಕ್ಕೆ. ಗೆರೆಯ ಮೇಲೆ ನಿಂತು ಕಾಲು ಯಾವ ಕಡೆ ಇದೆ ಅಂತ ಹೇಳಿದರೆ ಮುಗಿಯಿತು. ಏಳು ಸಾಲು, ಒಟ್ಟು ಇಪ್ಪತ್ತೈದು ಗುರುತು. ಏಳನೇ ಸಾಲಿನಲ್ಲಿ ಒಂದು ತಪ್ಪಿದರೂ ಗಾರ್ಡು ಅನರ್ಹ.

ಪಟ ಹಾಕಿದ್ದು ನಮ್ಮ ತರಬೇತಿ ಹಾಲಿನಲ್ಲಿ. ನಮ್ಮಲ್ಲಿರುವುದೇ ಅದೊಂದು ಹಾಲು. ದಿನಾ ಬೆಳಗ್ಗೆ ಡ್ರಿಲ್ ನಡೆಯುವುದೂ ಅಲ್ಲೇ. ಹಾಲಿಗೂ ನನ್ನ ಆಫೀಸಿಗೂ ನಡುವೆ ಒಂದು ಪ್ಲೈವುಡ್ ಗೋಡೆ. ಎರಡು ವಾರದಿಂದ ಆ ಕಡೆಯಿಂದ ಅಪ್ಪನ ಧ್ವನಿ ಕೇಳುತ್ತಿತ್ತು, "ಮೇಲೆ, ಬಲ, ಕೆಳಗೆ, ಎಡ," ಅಂತ. ಹಿಂದೆಯೇ ಅಷ್ಟೂ ಗಂಡಸರ ಧ್ವನಿ, ಅದನ್ನೇ ಹೇಳುತ್ತ. ಕೈ ಬೀಸುವ ಹೊಸ ಕಸರತ್ತು ಅಂದುಕೊಂಡು ನಾನು ಅರ್ಜಿ ತುಂಬುತ್ತ ಕೂತಿದ್ದೆ.

ಶುಕ್ರವಾರ ಒಂಬತ್ತಕ್ಕೆ ವಿಮೆಯವರ ಕಡೆಯಿಂದ ಕಣ್ಣು ಪರೀಕ್ಷೆ ಮಾಡುವವರು ಬಂದರು. ನನ್ನ ವಯಸ್ಸಿನ ಹೆಂಗಸು. ಹೆಗಲಿಗೆ ಚೀಲ, ಕೈಯಲ್ಲಿ ಮಡಿಸುವ ಕೋಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ನಾನು ಅವರಿಗೆ ಮೇಡಂ ಅಂದೆ, ಅವರೂ ನನಗೆ ಮೇಡಂ ಅಂದರು, ದಿನವಿಡೀ ಹೀಗೇ ನಡೆಯಿತು. ಹಾಳೆಗಳನ್ನು ಫೋನಿನಲ್ಲಿ ಕಳಿಸಿದ ಅರ್ಧ ಗಂಟೆಯಲ್ಲಿ ಪಾಲಿಸಿ ಬರುತ್ತದೆ ಅಂತ ಅವರೇ ಹೇಳಿದಾಗ ಎಷ್ಟೋ ದಿನದ ಮೇಲೆ ನನಗೆ ಉಸಿರು ಬಿಟ್ಟ ಹಾಗಾಯಿತು. ಹನ್ನೆರಡಕ್ಕೆ ಪಾಲಿಸಿ, ಎರಡಕ್ಕೆ ಲೈಸೆನ್ಸ್ ಕಚೇರಿ, ಮೂರಕ್ಕೆ ಆಸ್ಪತ್ರೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ತರಬೇತಿ ಅಧಿಕಾರಿ ಸಾಕ್ಷಿಯಾಗಿ ಮೇಜಿನ ಬಳಿ ಕೂತಿರಬೇಕು, ಪ್ರತಿ ಹಾಳೆಗೂ ರುಜು ಹಾಕಬೇಕು ಅನ್ನುವುದು ನಿಯಮ. ಅಪ್ಪ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರ ಪಕ್ಕದಲ್ಲಿ ಮೀಸೆ ನಿಂತಿದ್ದ. ಮೀಸೆ ನಮ್ಮ ಹಿರಿಯ ಗಾರ್ಡು, ಉಳಿದ ಇಪ್ಪತ್ತಾರು ಜನರ ಮೇಲ್ವಿಚಾರಕ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅವನನ್ನೂ ಸೇರಿಸಿ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಒಂಬತ್ತು ಜನ ಮೊದಲ ತಂಡ. ಇವರು ಮುಗಿಸಿದ ಮೇಲೆ ಉಳಿದವರು ಒಂಬತ್ತೊಂಬತ್ತು ಜನ ಸರದಿಯ ಮೇಲೆ ಬರುವುದು ಅಂತ ಗೊತ್ತಾಗಿತ್ತು.

ಮೊದಲನೆಯವನು ಗೆರೆಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಗಟ್ಟಿಯಾಗಿ ಹೇಳಿದ. ಏಳನೇ ಸಾಲಿಗೆ ಬಂದಾಗ "ಬಲ, ಮೇಲೆ, ಎಡ, ಬಲ, ಕೆಳಗೆ" ಅಂದ. ಮೇಡಂ ಏನೋ ಗುರುತು ಹಾಕಿಕೊಂಡರು. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನೂ ಅದೇ. ನಾಲ್ಕನೆಯವನು ಮುಗಿಸುವಷ್ಟರಲ್ಲಿ ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ಹೊರಗೆ ಕರೆದರು.

"ಮೇಡಂ, ಏಳನೇ ಸಾಲಿನ ನಾಲ್ಕನೇದು ಎಡ. ನಾಲ್ಕು ಜನಾನೂ ಬಲ ಅಂದ್ರು."

"ರಾತ್ರಿಯೆಲ್ಲ ನಿದ್ದೆಗೆಟ್ಟಿದಾರೆ ಮೇಡಂ," ಅಂದೆ.

"ನಿದ್ದೆಗೆಟ್ಟರೆ ನಾಲ್ಕು ಜನಕ್ಕೂ ಒಂದೇ ಜಾಗದಲ್ಲಿ ಕಣ್ಣು ಕೆಡುತ್ತಾ? ಬಾಯಿಪಾಠ ಮಾಡಿಸಿದೀರಿ. ಹಾಗೇ ಬರೆದು ಕಳಿಸ್ತೀನಿ."

ಆಗ ನನಗೆ ಪ್ಲೈವುಡ್ ಗೋಡೆಯ ಆಚೆಯ ಕಸರತ್ತು ಏನೆಂದು ಹೊಳೆಯಿತು. ಪಿತ್ತ ನೆತ್ತಿಗೇರಿತು. ಅಪ್ಪನ ಬಳಿ ಹೋಗಿ ಕಿವಿಯಲ್ಲಿ ಕೇಳಿದರೆ ಅವರು ಸಂಕೋಚವೇ ಇಲ್ಲದೆ, "ಪರೀಕ್ಷೆ ಅಂದ್ಮೇಲೆ ತಯಾರಿ ಮಾಡಿಸಬೇಡ್ವೇನೆ? ಎಲ್ಲರಿಗೂ ನೀರು ಕುಡಿದಷ್ಟು ಸಲೀಸಾಗಿದೆ ನೋಡು," ಅಂದರು. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಬೈಯುವುದಕ್ಕೂ ಬಾಯಿ ಬರಲಿಲ್ಲ. ಚೆನ್ನಾಗಿ ಕಾಣುವ ಕಣ್ಣುಗಳಿಗೆ ತಯಾರಿ ಯಾಕೆ ಬೇಕಿತ್ತು?

ಮತ್ತೆ ಮೇಡಂ ಹತ್ತಿರ ಹೋಗಿ ಗೋಗರೆದೆ. ಇಪ್ಪತ್ತೇಳು ಮನೆ ಅಂದೆ, ಐದು ಗಂಟೆ ಅಂದೆ. ಕೊನೆಗೆ ಅವರು ಕೋಲು ಬಿಚ್ಚಿದರು. "ಸಾಲಾಗಿ ಹೇಳೋದು ಬೇಡ. ನಾನು ಎಲ್ಲಿ ತೋರಿಸ್ತೀನೋ ಅದನ್ನ ಹೇಳ್ಲಿ. ಬಾಯಿಪಾಠ ಅಲ್ಲಿಗೆ ಮುಗೀತು," ಅಂದರು. ನನಗೂ ಸರಿ ಅನ್ನಿಸಿತು.

ಕೋಲು ಮೂರನೇ ಸಾಲಿಗೆ ಹೋಯಿತು, ಅಲ್ಲಿಂದ ಏಳಕ್ಕೆ, ಅಲ್ಲಿಂದ ಐದಕ್ಕೆ, ಮತ್ತೆ ಏಳಕ್ಕೆ. ಮೀಸೆ ಒಂದೊಂದನ್ನೂ ತಟ್ಟಂತ ಹೇಳಿದ, ಎಲ್ಲ ಸರಿ. ಏಳನೇ ಸಾಲಿನ ನಾಲ್ಕನೆಯದರ ಮೇಲೆ ಕೋಲು ನಿಂತಾಗ ಅವನ ಕಣ್ಣು ಪಟದಿಂದ ಅಪ್ಪನ ಕಡೆ ಹೋಗಿ ಬಂತು. "ಬಲ," ಅಂದ.

ಒಂಬತ್ತು ಜನವೂ ಹೀಗೇ. ಕೋಲು ಎಲ್ಲಿಟ್ಟರೂ ಸರಿ ಉತ್ತರ, ಅದೊಂದರ ಮೇಲೆ ಇಟ್ಟರೆ "ಬಲ". ಒಬ್ಬನಂತೂ ಬಲ ಅನ್ನುವಾಗ ತಲೆಯನ್ನೇ ತಗ್ಗಿಸಿಬಿಟ್ಟ. ಮೇಡಂ ಕೋಲು ಮಡಿಸಿ ನನ್ನ ಮುಖ ನೋಡಿದರು. "ಇವರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿವೆ. ಗೊತ್ತಿದ್ದೂ ತಪ್ಪು ಹೇಳ್ತಿದಾರೆ. ಕಾರಣ ನೀವೇ ಕೇಳ್ಕೊಳ್ಳಿ," ಅಂದರು.

"ಅದೊಂದನ್ನ ಬಿಟ್ಟುಬಿಡಿ ಮೇಡಂ. ಇಪ್ಪತ್ನಾಲ್ಕು ಸರಿ ಇದೆಯಲ್ಲ."

"ಇಪ್ಪತ್ತೈದು ಚೌಕ ಇದೆ. ಒಂದು ಖಾಲಿ ಇದ್ರೆ ನಮ್ಮ ಆಫೀಸಿನ ಕಂಪ್ಯೂಟರ್ ತಗೊಳ್ಳೋದಿಲ್ಲ."

ಮೀಸೆಯ ತೋಳು ಹಿಡಿದು ಎಳೆದುಕೊಂಡು ಹಿಂದಿನ ಮೆಟ್ಟಿಲ ಬಳಿ ಹೋದೆ. ಅಲ್ಲಿ ಒಡೆದ ಬಕೆಟ್ಟು, ಹಳೇ ತಡೆಗಂಬ, ಗಾರ್ಡುಗಳು ಒಣಹಾಕಿದ ಸಾಕ್ಸು. ಗಂಟೆ ಹನ್ನೊಂದು ದಾಟಿತ್ತು.

"ಏನೋ ಆಟ ಆಡ್ತಿದೀರಾ ಎಲ್ಲಾ ಸೇರ್ಕೊಂಡು? ನಿಮ್ಮ ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದೀರಲ್ಲ. ಅದು ಎಡ ಅಂತ ನಿನಗೆ ಕಾಣಲ್ವಾ?"

"ಕಾಣುತ್ತೆ ಅಕ್ಕಾ."

"ಮತ್ತೆ?"

ಅವನು ಮೀಸೆ ಸವರಿಕೊಂಡ. ನೆಲ ನೋಡಿದ. ಜಪ್ಪಯ್ಯ ಅಂದರೂ ಬಾಯಿ ಬಿಡುವ ಹಾಗೆ ಕಾಣಲಿಲ್ಲ. ನಾನು ಸುಮ್ಮನೆ ಅವನೆದುರು ನಿಂತೆ. ಬೈದರೆ ತಡೆದುಕೊಳ್ಳುತ್ತಾನೆ, ಸುಮ್ಮನಿದ್ದರೆ ತಡೆದುಕೊಳ್ಳಲಾರ ಅಂತ ನನಗೆ ಗೊತ್ತು.

"ಮೇಷ್ಟ್ರು ಬಲ ಅಂತ ಕಲಿಸಿದ್ರು ಅಕ್ಕಾ," ಅಂದ ಕೊನೆಗೆ. "ಮೊದಲನೇ ದಿನ ಭೂತಗನ್ನಡಿ ಹಿಡ್ಕೊಂಡು, ಪಟಕ್ಕೆ ಮೂಗು ತಾಗಿಸಿ ಒಂದೊಂದೇ ಓದಿದ್ರು. ನಮಗೆ ಹಿಂದಿನಿಂದಲೇ ಎಲ್ಲಾ ಕಾಣ್ತಿತ್ತು. ಅದೊಂದನ್ನ ತಪ್ಪು ಓದಿದ್ರು. ಹೊಸಬ ಒಬ್ಬ ಕೈ ಎತ್ತೋಕೆ ಹೋದ, ನಾನೇ ಅವನ ಕಾಲು ತುಳಿದೆ."

"ತುಳಿದು?"

"ಅಷ್ಟೇ. ಮಾರನೇ ದಿನದಿಂದ ಎಲ್ರೂ ಬಲ ಅಂದ್ವಿ."

"ಎಷ್ಟು ದಿನದಿಂದ ಅವರಿಗೆ ಕಾಣಿಸ್ತಿಲ್ಲ?"

"ರುಜು ಹಾಕೋ ಜಾಗದಲ್ಲಿ ನಾನು ಬೆರಳಿಡೋಕೆ ಶುರುಮಾಡಿ ಒಂದು ವರ್ಷ ಆಯ್ತು ಅಕ್ಕಾ. ಕಾಗದ ಹಾರದಿರಲಿ ಅಂತ ಇಟ್ಟ ಹಾಗೆ ಇಡ್ತೀನಿ. ಅವರು ನನಗೇನೂ ಹೇಳಿಲ್ಲ, ನಾನೂ ಏನೂ ಕೇಳಿಲ್ಲ. ಈಗ ಹೊರಗಿನವರ ಮುಂದೆ, ಅವರು ಅಲ್ಲೇ ಕೂತಿರುವಾಗ, ಇಪ್ಪತ್ತೇಳು ಜನ ಒಬ್ಬರಾದ ಮೇಲೆ ಒಬ್ಬರು ಎಡ ಅಂದ್ರೆ ಏನಾಗುತ್ತೆ ಹೇಳಿ. ನಮಗೆ ನಾಲಿಗೆ ಏಳಲ್ಲ."

ನನಗೆ ಅಳಬೇಕೋ ಅವನ ಮೀಸೆ ಕಿತ್ತು ಕೈಗೆ ಕೊಡಬೇಕೋ ತಿಳಿಯಲಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಗಂಡಸರು, ಮೇಷ್ಟ್ರಿಗೆ ನೋವಾಗುತ್ತದೆ ಅಂತ ಕೆಲಸ ಕಳಕೊಳ್ಳಲು ತಯಾರಾಗಿ ಬಂದಿದ್ದಾರೆ. ಸಾಯಂಕಾಲ ಹೆಂಡತಿ ಮಕ್ಕಳಿಗೆ ಏನು ಹೇಳುತ್ತೀರಿ ಅಂತ ಕೇಳಿದೆ. "ಅದನ್ನೇ ರಾತ್ರಿಯೆಲ್ಲ ಮಾತಾಡ್ಕೊಂಡ್ವಿ," ಅಂದ. ಏನು ತೀರ್ಮಾನವಾಯಿತು ಅಂದರೆ, "ಏನೂ ಆಗ್ಲಿಲ್ಲ," ಅಂದ.

ಅಪ್ಪನನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸೋಣ ಅಂದುಕೊಂಡು, ಮೇಡಂ ಅವರಿಗೆ ವಿಷಯ ತಿಳಿಸಿ ಕೇಳಿದೆ. ಸಾಕ್ಷಿ ಎದ್ದು ಹೋದರೆ ಪರೀಕ್ಷೆಯೇ ರದ್ದಂತೆ. ಹೊಸ ದಿನ ಬೇಕಾದರೆ ಹೊಸ ಫೋಟೋ ಕಳಿಸಬೇಕಂತೆ. ಈ ನಿಯಮ ಬರೆದವರು ಒಂದು ದಿನವೂ ಯಾವ ಗೇಟಿನಲ್ಲೂ ನಿಂತವರಲ್ಲ, ಯಾವ ಅಪ್ಪನಿಗೂ ಹುಟ್ಟಿದವರಲ್ಲ ಅನ್ನಿಸಿತು. ಹಾಗಂತ ಜೋರಾಗಿಯೇ ಅಂದೆ. ಮೇಡಂ ಕೋಪ ಮಾಡಿಕೊಳ್ಳಲಿಲ್ಲ. "ಅವರಿಗೆ ಹೇಳಿಬಿಡಿ. ನನ್ನ ಹತ್ರ ಹತ್ತು ಖಾಲಿ ಹಾಳೆ ಹೆಚ್ಚಿಗೆ ಇವೆ. ಈ ಒಂಬತ್ತು ಜನಕ್ಕೆ ಮತ್ತೆ ಮಾಡ್ತೀನಿ," ಅಂದರು.

ಹೇಳಿಬಿಡಿ ಅನ್ನುವುದು ಎಷ್ಟು ಸುಲಭ. ಹಾಲಿನ ಒಳಗೆ ಹೋದೆ. ಒಂಬತ್ತು ಜನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತೆ.

"ಅಪ್ಪಾ, ಏಳನೇ ಸಾಲಿನ ನಾಲ್ಕನೇದು ಏನು?"

"ಬಲ."

"ಎಡ ಅಪ್ಪಾ."

"ಯಾರು ಹೇಳಿದ್ದು?"

"ಪಟ ಹೇಳ್ತಿದೆ. ಎಲ್ಲರಿಗೂ ಎಡ ಅಂತಾನೇ ಕಾಣ್ತಿದೆ. ನೀವು ಬಲ ಅಂದ್ರಿ ಅಂತ ಅವರೂ ಬಲ ಅಂತಿದಾರೆ. ಹೀಗೇ ಅಂದ್ರೆ ಒಬ್ಬರಿಗೂ ಪತ್ರ ಸಿಗಲ್ಲ."

ಅಪ್ಪ ಎದ್ದರು. ಪಟದ ಹತ್ತಿರ ಹೋಗಿ, ಜೇಬಿನಿಂದ ಭೂತಗನ್ನಡಿ ತೆಗೆದು, ಏಳನೇ ಸಾಲಿಗೆ ಮುಖ ತಾಗಿಸಿ ನಿಂತರು. ಬಹಳ ಹೊತ್ತು ನಿಂತರು. ಕನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು. ನಾಲ್ಕನೆಯದು ಯಾವುದು ಅಂತ ಗೊತ್ತುಮಾಡಿಕೊಳ್ಳಲು ಬೆರಳಿನಿಂದ ಎಣಿಸಿದರು. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಆ ಹೊತ್ತಿನಲ್ಲಿ ಯಾರ ಮೇಲೂ ಬರಲಿಲ್ಲ, ಒಂದು ವರ್ಷದಿಂದ ಒಂದು ಮಾತು ಹೇಳಬಾರದಿತ್ತೇ ಅಂತ.

ಆಮೇಲೆ ಅವರು ತಿರುಗಿ ನಿಂತು, ಮೈದಾನದಲ್ಲಿ ಕೂಗುವ ಧ್ವನಿಯಲ್ಲಿ, "ಸಾವಧಾನ್," ಅಂದರು. ಒಂಬತ್ತು ಜೊತೆ ಬೂಟು ಒಟ್ಟಿಗೆ ನೆಲಕ್ಕೆ ಬಡಿದವು.

"ಕಂಡದ್ದನ್ನ ಹೇಳ್ಬೇಕು. ನಾನು ಹೇಳಿದ್ದನ್ನಲ್ಲ. ಮುಂದಿನ ತಂಡದವರಿಗೂ ಇದೇ ಆಜ್ಞೆ. ಮೀಸೆ, ನೀನೇ ಮೊದಲು."

ಅಪ್ಪ ಮತ್ತೆ ಬಂದು ಕುರ್ಚಿಯಲ್ಲಿ ಕೂತರು. ಮೀಸೆ ಗೆರೆಯ ಮೇಲೆ ನಿಂತ. ಏಳನೇ ಸಾಲಿಗೆ ಬಂದಾಗ ಅವನ ಧ್ವನಿ ಇಳಿಯಿತು. "ಬಲ, ಮೇಲೆ, ಎಡ," ಅಂದು ನಿಲ್ಲಿಸಿದ. "ಜೋರಾಗಿ," ಅಂದರು ಅಪ್ಪ. "ಎಡ," ಅಂದ ಮೀಸೆ.

ಆ ಮಾತನ್ನು ಅಪ್ಪ ಇಪ್ಪತ್ತೇಳು ಸಲ ಕೇಳಿದರು. ಒಂದೊಂದು ಕಣ್ಣಿಗೆ ಒಂದೊಂದು ಸಲದಂತೆ ಲೆಕ್ಕ ಹಾಕಿದರೆ ಐವತ್ತನಾಲ್ಕು ಸಲ. ಎರಡನೇ ತಂಡ ಬಂತು, ಮೂರನೇ ತಂಡ ಬಂತು. ನೀರು ಕೊಟ್ಟರೆ ಬೇಡ ಅಂದರು. ಕಿಟಕಿಯ ಬಿಸಿಲು ಮೇಜಿನಿಂದ ಅವರ ತೊಡೆಯ ಮೇಲಕ್ಕೆ ಬಂದು, ಅಲ್ಲಿಂದ ನೆಲಕ್ಕಿಳಿಯಿತು. ಹೆರಿಗೆ ವಾರ್ಡಿನ ಗಾರ್ಡು ಒಬ್ಬ ಹೇಳಿ ಮುಗಿಸಿ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದ. ಅವನನ್ನು ವಾಪಸ್ ಕರೆದು, "ಡ್ಯೂಟಿಗೆ ಹೋಗೋನು ಮುಖ ತೊಳ್ಕೊಂಡು ಹೋಗು," ಅಂದರು ಅಪ್ಪ. ಅಳುವುದು ಅವರಿಗೆ ಕಂಡಿರಲಾರದು, ಮೂಗಿನ ಸದ್ದು ಕೇಳಿಸಿರಬೇಕು.

ಎರಡೂವರೆಗೆ ಇಪ್ಪತ್ತೇಳು ಹಾಳೆ ಮುಗಿದವು. ಎಲ್ಲರೂ ಅರ್ಹರು. ಮೇಡಂ ಚೀಲದಿಂದ ಉಳಿದದ್ದೊಂದು ಹಾಳೆ ತೆಗೆದು, ಅಪ್ಪನ ಮುಂದಿಟ್ಟರು. ತರಬೇತಿ ಅಧಿಕಾರಿಗೂ ಪರೀಕ್ಷೆ ಇದೆ ಅನ್ನುವುದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

"ಬರ್ಕೊಳ್ಳಿ ತಾಯಿ," ಅಂದರು ಅಪ್ಪ. "ಮೂರನೇ ಸಾಲಿಂದ ಕೆಳಗೆ ನನಗೆ ಬರೀ ಗೋಡೆ."

ಮೇಡಂ ಪೆನ್ನು ಎತ್ತಿದರು, ಬರೆಯಲಿಲ್ಲ. "ಸರ್, ನಿಮ್ಮ ಹೆಸರು ಅಧಿಕಾರಿ ಅಂತ ಇದ್ರೆ ಪಾಲಿಸಿ ಬರಲ್ಲ. ಬೇರೆ ಹೆಸರು ಬಂದ್ರೆ ಈಗಲೇ ಬರುತ್ತೆ," ಅಂದರು ಮೆತ್ತಗೆ. ಇಡೀ ದಿನದಲ್ಲಿ ಅವರು ಮೆತ್ತಗೆ ಮಾತಾಡಿದ್ದು ಅದೊಂದೇ ಸಲ.

ಬೇರೆ ಹೆಸರು ಇತ್ತು. ಎರಡು ವರ್ಷದ ಹಿಂದೆ ಅಪ್ಪನೇ ಹಟ ಹಿಡಿದು ಮೀಸೆಗೆ ತರಬೇತುದಾರರ ಕೋರ್ಸು ಮಾಡಿಸಿದ್ದರು. "ನನ್ನ ಹೆಸರು ಬೇಡ ಅಕ್ಕಾ," ಅಂದ ಮೀಸೆ ಹಿಂದಕ್ಕೆ ಸರಿಯುತ್ತ. ಅಪ್ಪ ಅವನ ಕಡೆ ತಿರುಗಲೂ ಇಲ್ಲ. "ಅವನ ಸರ್ಟಿಫಿಕೇಟು ಎರಡನೇ ಕಪಾಟಿನಲ್ಲಿದೆ, ತಗೊಂಡು ಬಾ," ಅಂತ ನನಗೆ ಹೇಳಿದರು.

ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ರಾಜೀನಾಮೆ ಪತ್ರ ಟೈಪ್ ಮಾಡತೊಡಗಿದೆ. ನಾಲ್ಕು ಸಾಲು, ವಯಸ್ಸಿನ ಕಾರಣ, ಇಷ್ಟು ವರ್ಷದ ಸೇವೆ, ಕೃತಜ್ಞತೆ. ಅಪ್ಪ ಬಾಗಿಲಲ್ಲಿ ನಿಂತು ಕೀಲಿಗಳ ಸದ್ದು ಕೇಳುತ್ತಿದ್ದರು.

"ಏನು ಬರೀತಿದೀಯ?"

"ನಿಮ್ಮ ರಾಜೀನಾಮೆ."

"ಅದು ನಡಿಯಲ್ಲ. ಅಧಿಕಾರಿ ರಾಜೀನಾಮೆ ಕೊಟ್ರೆ ಮೂವತ್ತು ದಿನದ ನೋಟಿಸು ಬೇಕು. ಹನ್ನೊಂದನೇ ನಿಯಮ, ಓದಿಲ್ವಾ? ಸತ್ರೆ ಅದೇ ದಿನದಿಂದ ಜಾರಿ. ಕಂಪನಿಯೇ ವಜಾ ಮಾಡಿದ್ರೂ ಅದೇ ದಿನದಿಂದ ಜಾರಿ. ಸಾಯೋಕೆ ಟೈಮಿಲ್ಲ. ವಜಾ ಅಂತ ಬರಿ."

"ನನ್ನ ಕೈಲಾಗಲ್ಲ."

"ಮಾಲೀಕಳು ನೀನು. ಇನ್ಯಾರು ಬರೀತಾರೆ?"

ನಿಯಮಗಳ ಪುಸ್ತಕ ತೆಗೆದು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ಸರಿ ಇತ್ತು. ಓದಲು ಆಗುತ್ತಿದ್ದಾಗಲೇ ಎಲ್ಲವನ್ನೂ ತಲೆಗೆ ತುಂಬಿಕೊಂಡಿದ್ದರು. ಯಾರೋ ಒಬ್ಬ ಅಧಿಕಾರಿ ಹಿಂದೊಮ್ಮೆ ಕಂಪನಿಗೆ ಕೈಕೊಟ್ಟು ಹೋಗಿದ್ದಕ್ಕೆ ಈ ನಿಯಮ ಮಾಡಿರಬೇಕು. ಅಲ್ಲೂ ಯಾರದೋ ತಪ್ಪಿಗೆ ನಾನು ಅನುಭವಿಸಬೇಕು. ನಾಲ್ಕು ಸಾಲು ಅಳಿಸಿ ಹೊಸದಾಗಿ ಶುರುಮಾಡಿದೆ. "ತರಬೇತಿ ಅಧಿಕಾರಿಯನ್ನು ಈ ದಿನದಿಂದ ಕೆಲಸದಿಂದ ವಜಾ ಮಾಡಲಾಗಿದೆ." ಕಾರಣ ಬರೆಯುವ ಜಾಗದಲ್ಲಿ ನನ್ನ ಬೆರಳು ನಿಂತಿತು. "ದೃಷ್ಟಿದೋಷವನ್ನು ಮುಚ್ಚಿಟ್ಟಿದ್ದಕ್ಕಾಗಿ," ಅಂತ ಅಪ್ಪನೇ ಹೇಳಿ ಬರೆಸಿದರು. 'ದೃಷ್ಟಿದೋಷ'ದ ಮುಂದೆ 'ಗಂಭೀರ' ಅಂತ ಸೇರಿಸಲೂ ಹೇಳಿದರು, ಇಲ್ಲದಿದ್ದರೆ ಕಚೇರಿಯವರು ವಾಪಸ್ ಕಳಿಸುತ್ತಾರೆ ಅಂತ.

ಪತ್ರದ ಫೋಟೋ, ಮೀಸೆಯ ಸರ್ಟಿಫಿಕೇಟಿನ ಫೋಟೋ, ಎಲ್ಲ ಹೋಯಿತು. ಮೂರೂಮುಕ್ಕಾಲಿಗೆ ಪಾಲಿಸಿ ಬಂತು. ಲೈಸೆನ್ಸ್ ಕಚೇರಿಗೆ ವಜಾ ಆದವರೂ ಖುದ್ದಾಗಿ ಬಂದು ಒಪ್ಪಿಕೊಳ್ಳಬೇಕು. ಆಟೋದಲ್ಲಿ ಅಪ್ಪ ನಾನು ಅಕ್ಕಪಕ್ಕ ಕೂತು ಹೋದೆವು. ಅವರು ಸಮವಸ್ತ್ರ ಬಿಚ್ಚಿಟ್ಟು, ಮೀಸೆಯ ಅಂಗಿ ಹಾಕಿಕೊಂಡು ಬಂದಿದ್ದರು. ವಜಾ ಆದವನು ಸಮವಸ್ತ್ರದಲ್ಲಿ ರಸ್ತೆಗೆ ಇಳಿಯಬಾರದು ಅನ್ನುವುದು ಅವರೇ ಮಾಡಿದ ನಿಯಮ. ಅಂಗಿ ಭುಜದ ಹತ್ತಿರ ಜೋಲುತ್ತಿತ್ತು.

ನಾಲ್ಕು ಇಪ್ಪತ್ತಕ್ಕೆ ಕೌಂಟರ್ ಮುಂದೆ ನಿಂತೆವು. ಗುಮಾಸ್ತ ಒಂದೊಂದೇ ಕಾಗದ ತಿರುವಿ, ತಪ್ಪೇನೂ ಸಿಗದ್ದಕ್ಕೆ ಬೇಜಾರಾದವನ ಹಾಗೆ ಮುಖ ಸಿಂಡರಿಸಿದ. ವಜಾ ಪತ್ರಕ್ಕೆ ಬಂದು ನಿಂತ. ಇದಕ್ಕೆ ಬೇರೆ ಅರ್ಜಿ ಇದೆ ಅಂತ ಹೇಳಿ, ಒಂದು ಹಾಳೆ ತೆಗೆದು ತಾನೇ ಕೇಳಿ ಕೇಳಿ ತುಂಬತೊಡಗಿದ.

"ವಜಾ ಆದವರು ನಿಮಗೆ ಏನಾಗ್ಬೇಕು?"

"ತಂದೆ," ಅಂದೆ.

ಅವನು ಒಂದು ಸಲ ಅಪ್ಪನನ್ನು ನೋಡಿ, ಬರೆದುಕೊಂಡ. "ಕೊನೇ ಪ್ರಶ್ನೆ. ಈ ದೃಷ್ಟಿದೋಷ ಮಾಲೀಕರಿಗೆ ಮೊದಲೇ ಗೊತ್ತಿತ್ತಾ? ಗೊತ್ತಿತ್ತು ಅಂದ್ರೆ ಅರ್ಜಿ ಒಳಗೆ ಹೋಗಲ್ಲ, ವಿ‍ಚಾರಣೆ ಆಗುತ್ತೆ."

ಗೊತ್ತಿತ್ತು. ಮೂರು ತಿಂಗಳ ಹಿಂದೆ, ಹಾಡಹಗಲು, ಆಸ್ಪತ್ರೆಯ ಎರಡನೇ ಗೇಟಿನಲ್ಲಿ ಅಪ್ಪ ಗಾರ್ಡುಗಳ ತಪಾಸಣೆಗೆ ಬಂದಿದ್ದರು. ನಾನು ರಿಜಿಸ್ಟರು ತಗೊಂಡು ಹೋಗಿ ಅವರ ಎದುರು, ಎರಡು ಮಾರು ದೂರದಲ್ಲಿ ನಿಂತೆ. ಅಪ್ಪ ನನ್ನ ಮುಖವನ್ನೇ ನೋಡುತ್ತ, "ಯಾರನ್ನ ನೋಡ್ಬೇಕಿತ್ತಮ್ಮಾ?" ಅಂದರು. ಅಪ್ಪಾ ಅಂದೆ. ತಮಾಷೆ ಮಾಡಿದೆ ಕಣೆ ಅಂದರು. ನಾನೂ ನಕ್ಕೆ. ನಕ್ಕು ಆಫೀಸಿಗೆ ಬಂದು, ಬಾಗಿಲು ಹಾಕಿಕೊಂಡು, ನವೀಕರಣದ ಅರ್ಜಿಯಲ್ಲಿ ತರಬೇತಿ ಅಧಿಕಾರಿ ಎಂಬ ಜಾಗದಲ್ಲಿ ಅವರ ಹೆಸರು ಬರೆದೆ. ಈ ಒಂದು ಕಾಗದ ಆಗಿಹೋಗಲಿ, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅಂದುಕೊಂಡೆ. ಒಂದು ಮಾತು ಹೇಳಬಾರದಿತ್ತೇ ಅಂತ ಬೆಳಗ್ಗೆಯಿಂದ ಅವರ ಮೇಲೆ ಹಲ್ಲು ಕಡಿಯುತ್ತಿದ್ದವಳು ಒಂದು ಮಾತು ಕೇಳಿರಲಿಲ್ಲ.

"ಅವಳಿಗೆ ಗೊತ್ತಿರ್ಲಿಲ್ಲ," ಅಂದರು ಅಪ್ಪ, ಗುಮಾಸ್ತನ ಧ್ವನಿ ಬಂದ ಕಡೆ ತಿರುಗಿ. ಬಹಳ ಬೇಗ ಅಂದರು. ನನಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು ಅಂತ ಆಗ ತಿಳಿಯಿತು.

"ನಿಮ್ಮನ್ನ ಕೇಳ್ತಿಲ್ಲ ಸ್ವಾಮಿ. ವಜಾ ಆದವರ ಮಾತು ತಗೊಳ್ಳೋ ಹಾಗಿಲ್ಲ. ಮಾಲೀಕರು ಹೇಳ್ಬೇಕು."

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ, ನೋಡಿದರೂ ಉಪಯೋಗವಿರಲಿಲ್ಲ. ಅವರು ಕಿವಿಗೊಟ್ಟು ನಿಂತಿದ್ದರು.

"ಗೊತ್ತಿರಲಿಲ್ಲ," ಅಂದೆ.

"ಜೋರಾಗಿ ಹೇಳಿ ಮೇಡಂ, ಫ್ಯಾನ್ ಸದ್ದು," ಅಂದ ಗುಮಾಸ್ತ.

"ಗೊತ್ತಿರಲಿಲ್ಲ," ಅಂತ ಇನ್ನೊಂದು ಸಲ ಅಂದೆ. ಅಪ್ಪ ಸಮಾಧಾನದಿಂದ ತಲೆಯಾಡಿಸಿದರು. ಗುಮಾಸ್ತ ಬರೆದುಕೊಂಡು, ನಾನು ಎಲ್ಲಿ ರುಜು ಹಾಕಬೇಕು ಅಂತ ಬೆರಳಿಟ್ಟು ತೋರಿಸಿದ.